ಅಕ್ಕನ ಮನಿಗೆ ಒಯ್ದ ಕಡಪಾ ಕಲ್ಲು

ಖಾನಾಪುರದಾಗ ಅಕ್ಕನ ಅಡಗಿಮನಿ ಒಡದು ಹೊಸಾದು ಮಾಡಾಕ ಹತ್ತ್ಯಾರ ಅಂತ ಕೇಳಿ ಹೋದ ತಿಂಗಳ ಹೋಗಿದ್ದೆ. ಅಕ್ಕನ ಮಗಳು ಗೌರಿ ಮೊಬೈಲಿನೊಳಗ ನೂರೆಂಟು ಬಣ್ಣದ ಕಲ್ಲು ತೋರಿಸಿ, "ಚಿಗವ್ವಾ, ಕಟ್ಟಿಗೆ ಗ್ರ್ಯಾನೈಟ್ ಹಾಕಸ್ಲೋ, ಕ್ವಾರ್ಟ್ಜ್ ಹಾಕಸ್ಲೋ? ಕರೇದ ಮಾತ್ರ ಬ್ಯಾಡ. ಈ ಕಡಪಾ ನೋಡಿ ನೋಡಿ ಸಾಕಾಗೇತಿ" ಅಂದ್ಲು. ಅಷ್ಟೊತ್ತಿಗೆ ಒಳಗ ಗೌಂಡಿ ಹಳೇ ಕಟ್ಟಿ ಕಲ್ಲಿಗೆ ಹಾರಿ ಹಾಕಿದ್ದ. ಎರಡನೇ ಪೆಟ್ಟು ಬೇಕಾಗಲೇ ಇಲ್ಲ. "ಅರೇ, ಇದಕ್ಕ ಸಿಮೆಂಟ ಹಚ್ಚಿಲ್ರಿ ಬಾಯಾರ! ಬರೇ ಇಟ್ಟಾರ!" ಅಂತ ಕೂಗಿದ.

ಕಟ್ಟಿ ಅಡಿಯೊಳಗ ಒಂದು ತುಕ್ಕು ಹಿಡದ ಡಬ್ಬಿ ಇತ್ತು. ಅವ ಅದನ್ನ ಎತ್ತಿ ಅಂಗಳಕ್ಕ ಒಗದ. ಮುಚ್ಚಳ ಬಿಚ್ಚಿತು, ಸ್ಟೋವಿಗೆ ಹಾಕೂ ಚಿಮಣಿ ಎಣ್ಣಿ ವಾಸನಿ ಬಂತು. ನಾ ಸೆರಗು ಮೂಗಿಗೆ ಹಚ್ಚಿ ಹಿಂದ ಸರದೆ. ಅರವತ್ತು ವರ್ಷದ ಹೆಂಗಸು, ಮೊಮ್ಮಕ್ಕಳನ್ನ ಕಂಡಾಕಿ ನಾ. ಆದ್ರೂ ಆ ವಾಸನಿ ಬಂದ್ರ ಇವತ್ತಿಗೂ ಅಂಜಿಕಿ ಬರ್ತೈತಿ. ಯಾಕಂತ ಆವತ್ತಿನ ತನಕ ಯಾರಿಗೂ ಹೇಳಿರಲಿಲ್ಲ, ಈಗ ಹೇಳ್ತೀನಿ.

ಆ ಬ್ಯಾಸಿಗ್ಯಾಗ ನಾ ಪಿ.ಯು.ಸಿ. ಪರೀಕ್ಷಿ ಬರದು ಖಾಲಿ ಕುಂತಿದ್ದೆ. ಎಂಬತ್ತರ ದಶಕ ಶುರು ಆಗಿ ಸ್ವಲ್ಪ ವರ್ಷ ಆಗಿತ್ತು. ನಮ್ಮದು ಬೆಳಗಾವಿಯ ವಡಗಾವಿ, ಮಗ್ಗದ ಸಪ್ಪಳ ನಿಂತ್ರನ ಕಿವಿಗೆ ಏನೋ ಕಡಿಮಿ ಅನಸೂವಂಥ ಓಣಿ. ಅಪ್ಪ ಮಾತ್ರ ಮಗ್ಗ ಬಿಟ್ಟು ಉದ್ಯಮಬಾಗದ ಒಂದು ಫೌಂಡ್ರಿಯೊಳಗ ಮೋಲ್ಡರ್ ಆಗಿದ್ದ. ಕರಗಿಸಿದ ಕಬ್ಬಿಣ ಅಚ್ಚಿಗೆ ಸುರಿಯೂ ಕೆಲಸ. ಕೈತುಂಬ ಸುಟ್ಟ ಕಲಿ. "ಬೆಂಕಿ ನಮ್ಮ ಮನಿ ನಾಯಿ ಇದ್ದಂಗ, ಅದರ ಗುಣಾ ತಿಳದ್ರ ಕಚ್ಚೂದಿಲ್ಲ" ಅಂತಿದ್ದ. ಅಂಥಾ ಅಪ್ಪ ಆ ವರ್ಷ ಅಂಜಿದ್ದು ನೋಡಿ ನಾ ಇನ್ನೂ ಅಂಜಿದೆ.

ಆಗಿದ್ದು ಏನಂದ್ರ, ನಮ್ಮ ಓಣ್ಯಾಗ ಎರಡು ಮನಿ ಆಚೆ, ಮದುವಿ ಆಗಿ ವರ್ಷ ತುಂಬದ ಒಂದು ಹುಡುಗಿ ಸುಟ್ಟು ಸತ್ತಳು. "ಸ್ಟೋವ್ ಸಿಡೀತು" ಅಂದ್ರು ಮನಿಯವರು. ಪೊಲೀಸರು ಬಂದು ಅದನ್ನ ಬರಕೊಂಡು ಹೋದ್ರು. ಮರುದಿನ ಅವ್ವ ಮತ್ತ ನಾ ಮಾತಾಡಿಸಾಕ ಹೋದಾಗ ಆ ಸ್ಟೋವ್ ಅಂಗಳದ ಮೂಲ್ಯಾಗ ಇತ್ತು. ಹಿತ್ತಾಳಿದು, ಪಂಪ್ ಹೊಡಿಯೂದು. ಒಂದು ತಗ್ಗಿಲ್ಲ, ಒಂದು ಸೀಳಿಲ್ಲ. ಹೊಟ್ಟಿ ದುಂಡಗ ಇದ್ದದ್ದು ಇದ್ದಂಗ ಇತ್ತು. ಮನಿಗೆ ಬಂದು ಅವ್ವ ಕದಾ ಹಾಕಿ, "ಸಿಡದ ಸ್ಟೋವ್ ಹಂಗಿರ್ತೈತೇನ?" ಅಂದ್ಲು. ಆಮ್ಯಾಲ ನಾವು ಮೂವರೂ ಆ ಮಾತು ಎತ್ತಲಿಲ್ಲ. ಎತ್ತದಿದ್ರ ಏನಾತು, ಊಟಕ್ಕ ಕುಂತಾಗ ಅದು ನಮ್ಮ ಬಾಜೂಕ ಕುಂತಿರ್ತಿತ್ತು.

ಅದೇ ವಾರ ಖಾನಾಪುರದಿಂದ ಅಕ್ಕನ ಪತ್ರ ಬಂತು. ಅಕ್ಕ ಸುಮಂಗಲಾ, ನನಗಿಂತ ನಾಲ್ಕು ವರ್ಷ ದೊಡ್ಡಾಕಿ. ಹಿಂದಿನ ವರ್ಷ ಕೊಟ್ಟಿದ್ವಿ, ಆಗ ಐದು ತಿಂಗಳ ಬಸರಿ. ಮನ್ಯಾಗ ಮೂರ ಮಂದಿ: ಅಕ್ಕ, ಹೆಂಚಿನ ಕಾರ್ಖಾನ್ಯಾಗ ಕೆಲಸಕ್ಕಿದ್ದ ಭಾವ, ಮತ್ತ ಭಾವನ ತಾಯಿ ನೀಲವ್ವ ಅತ್ತಿ. ಭಾವ ಮುಂಜಾನೆ ಹೋದ್ರ ದೀಪ ಹಚ್ಚೂ ಹೊತ್ತಿಗೆ ಬರೂದು. ನೀಲವ್ವ ಅತ್ತಿ ಮಾತು ಕಮ್ಮಿ, ಮುಖ ಗಂಟು. ಮದುವಿ ಹಂದರದಾಗೂ ಅವರು ನಕ್ಕಿದ್ದು ನಾ ನೋಡಲಿಲ್ಲ.

ಅಕ್ಕ ಬರದಿದ್ಲು: "ಅತ್ತಿಯಾರು ದಿನಾ ಮುಂಜಾನೆ ತಾವ ಸ್ಟೋವಿಗೆ ಎಣ್ಣಿ ತುಂಬಿ ಇಡ್ತಾರ. ನನಗ ಎಣ್ಣಿ ಡಬ್ಬಿ ಮುಟ್ಟಾಕ ಕೊಡೂದಿಲ್ಲ. ನನ್ನ ಚಿಂತಿ ಮಾಡಬ್ಯಾಡ್ರಿ."

ಬ್ಯಾರೆ ವರ್ಷ ಆಗಿದ್ರ, "ನೋಡು, ಎಂಥಾ ಛಲೋ ಅತ್ತಿ" ಅಂತಿದ್ವಿ. ಆ ವಾರ ಓದಿದ್ವಲ್ಲ! ಕಾಮಣಿ ಕಣ್ಣಿಗೆ ಕಾಣೂದೆಲ್ಲ ಹಳದಿ. ಅವ್ವ ಪತ್ರ ನನ್ನ ಕಡಿಂದ ಮೂರು ಸಲ ಓದಿಸಿದ್ಲು. ಮೂರನೇ ಸಲಕ್ಕ "ತಾವ ತುಂಬಿ ಇಡ್ತಾರ" ಅಂಬೂದು ಬಂದಾಗ ಸೆರಗು ಬಾಯಿಗೆ ಹಚ್ಚಿದ್ಲು. "ಈಗಿಂದೀಗ ಹೋಗಿ ಕರಕೊಂಡು ಬರ್ರಿ."

"ಏನಂತ ಹೇಳಿ ಕರಕೊಂಡು ಬರ್ಲಿ?" ಅಂದ ಅಪ್ಪ. "ನೀವು ನನ್ನ ಮಗಳನ್ನ ಸುಡ್ತೀರಿ ಅಂತ ಅಂಜಿಕಿ ಬಂದೈತ್ರಿ ಅನ್ಲೇನ? ಸುಳ್ಳಾದ್ರ ಆಕಿ ಬಾಳೇವು ನಾವ ಕೆಡಿಸಿದಂಗ ಆಗ್ತೈತಿ."

"ಖರೇ ಆದ್ರ?"

ಅಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಗ ನಡದ.

ಎರಡು ದಿನ ಬಿಟ್ಟು ಕೆಲಸದಿಂದ ಬಂದು ಕೈಕಾಲು ತೊಳಿಯೂದಕ್ಕೂ ಮುಂಚೆ ಹೇಳಿದ: "ಅಡಗಿ ಕಟ್ಟಿ ಹಾಕಸಿ ಕೊಡೂಣು. ತವರುಮನಿ ಉಡುಗೊರಿ ಅಂತ. ಸ್ಟೋವ್ ನೆಲದ ಮ್ಯಾಲ ಇರಬಾರದು. ಕುಂತಾಕಿ ಏಳೂದರಾಗ ಎಲ್ಲಾ ಆಗಿ ಹೋಗಿರ್ತೈತಿ. ನಿಂತಾಕಿ ಓಡರೆ ಓಡ್ತಾಳ." ಆಮ್ಯಾಲ ನನ್ನ ಕಡೆ ನೋಡಿದ. "ಕಸ್ತೂರಿ ಹದಿನೈದು ದಿನ ಅಲ್ಲೇ ಇರ್ಲಿ. ಕೆಲಸಕ್ಕ ಕೈ ಆಗ್ತಾಳ." ಕೈ ಆಗೂದಲ್ಲ, ಕಣ್ಣಾಗೂದು ಅಂತ ನನಗ ತಿಳೀತು.

ಆಗ ನಿಂತು ಅಡಗಿ ಮಾಡೂದು ಅಂದ್ರ ಕ್ಯಾಂಪಿನ ಸಾಹೇಬರ ಬಂಗಲೇದಾಗಿನ ಮಾತು. ನಮ್ಮಂಥವರ ಮನ್ಯಾಗ ಒಲಿ ನೆಲದಾಗ, ಸ್ಟೋವ್ ನೆಲದಾಗ, ಬಾಯಿ ಮುಂದ ಉರಿ, ಮಡಿಲಾಗ ಸೆರಗು. ಯಾವ ಕಲ್ಲು ಹಾಕಬೇಕು ಅಂತ ಕೇಳಾಕ ನಮಗ ತಿಳದವರು ಯಾರೂ ಇರಲಿಲ್ಲ. ಹಿಂಗಾಗಿ ಅಪ್ಪ ತಾನ ಪರೀಕ್ಷಾ ಮಾಡಾಕ ನಿಂತ. ಖಾನಾಪುರ ರಸ್ತೆದ ಕಲ್ಲಿನ ಅಂಗಡ್ಯಾಗ ತುಂಡು ತುಂಡು ಬೇಡಿ ತಂದು ನಮ್ಮ ಹೊಸ್ತಲ ಮುಂದ ಸಾಲಾಗಿ ಇಟ್ಟ. ಮೊದಲ ಶಹಾಬಾದ ಫರಸಿ. ಅದರ ಮ್ಯಾಲ ಚಿಮಣಿ ಎಣ್ಣಿ ಸುರುವಿದ. ನೋಡ್ತಾ ನೋಡ್ತಾ ಕಲ್ಲು ಎಣ್ಣಿ ಕುಡೀತು. ಅರಬಿಲೆ ಒರಸಿದ್ರೂ ಕರೀ ಕಲಿ ಉಳೀತು. "ಇದು ಎಣ್ಣಿ ಹೊಟ್ಟ್ಯಾಗ ಇಟ್ಟುಕೋತೈತಿ. ಬ್ಯಾಡ" ಅಂದ. ಮೊಸಾಯಿಕ್ ಚಂದ ಇತ್ತು, ಖರೇ ಅದನ್ನ ಅಲ್ಲೇ ಎರದು, ತಿಕ್ಕಿ, ಒಣಗಿಸಿ ಮಾಡಾಕ ಎಷ್ಟೋ ದಿನ ಬೇಕು. ಅಷ್ಟು ದಿನ ನಮ್ಮ ಕಡೆ ಎಲ್ಲಿದ್ವು? ಕಡಪಾ ಎಣ್ಣಿ ಕುಡಿಯಲಿಲ್ಲ. ಎಣ್ಣಿ ಮ್ಯಾಲ ನಿಂತಿತು, ಒರಸಿದ್ರ ಹೋತು. ಆಮ್ಯಾಲ ಅಪ್ಪ ಕಬ್ಬಿಣದ ತುಂಡು ಕೆಂಪಗ ಕಾಸಿ ಅದರ ಮ್ಯಾಲ ಇಟ್ಟು, ತಣ್ಣೀರು ಚಿಮುಕಿಸಿದ. ಟಪ್ ಅಂತ ಎರಡು ಹೋಳಾತು. ಅವ್ವ ಒಳಗಿಂದ "ಶಿವಾ!" ಅಂತ ಚೀರಿದ್ಲು.

ಅಪ್ಪ ಮತ್ತ ಅಂಗಡಿಗೆ ಹೋದ. ಈ ಸಲ ನಾನೂ ಹೋದೆ. ದಪ್ಪಂದು ಬೇಕಂದು, ಗ್ವಾಡಿಗೆ ಆನಿಸಿದ್ದ ಕಡಪಾ ಒಂದೊಂದ ಬಡದು ನೋಡಿದ. ಫೌಂಡ್ರ್ಯಾಗ ಎರಕದ ಸಾಮಾನು ಹಂಗ ಬಡದು ನೋಡ್ತಾರಂತ. ಗಟ್ಟಿ ಇದ್ದದ್ದು ಖಣ್ ಅಂತೈತಿ, ಒಳಗ ಒಡಕಿದ್ದದ್ದು ಬದ್ ಅಂತೈತಿ, ಮ್ಯಾಲ ಎಷ್ಟು ನುಣುಪಿದ್ರೂ ದನಿ ಮುಚ್ಚಾಕ ಬರೂದಿಲ್ಲ. ಕಿವಿ ಹಚ್ಚಿ ಹಚ್ಚಿ ಕೇಳೂದು ನೋಡಿ ಅಂಗಡಿಯವ ನಕ್ಕ. "ಏನ್ರಿ ಕಾಕಾ, ಕಲ್ಲ ಕೊಳ್ಳಾಕ ಬಂದೀರೋ, ಹೆಣ್ಣ ನೋಡಾಕ ಬಂದೀರೋ?"

"ಹೆಣ್ಣು ಕೊಡೂ ಮುಂದ ಹಿಂಗ ಬಡದು ನೋಡಲಿಲ್ಲೋ ತಮ್ಮಾ" ಅಂದ ಅಪ್ಪ. ಅಂಗಡಿಯವನ ನಗು ಅಲ್ಲೇ ನಿಂತಿತು.

ಭಾವನ ಕಾರ್ಖಾನಿ ಲಾರಿ ಬೆಳಗಾವಿಗೆ ಹೆಂಚು ಇಳಿಸಿ ಖಾಲಿ ಹೊಳ್ಳಿ ಹೋಗೂದಿತ್ತು. ಅದರಾಗ ಹುಲ್ಲು ಹಾಸಿ ಕಲ್ಲು ಮಲಗಿಸಿ ನಾವಿಬ್ರೂ ಹೊಂಟ್ವಿ. ದಾರಿಗುಂಟ ಕರವಂದ ಹಣ್ಣು ಮಾರೂ ಹೆಂಗಸರು ಕುಂತಿದ್ರು. ಅಕ್ಕಗ ಜೀವ ಅಂತ ಅಪ್ಪ ಲಾರಿ ನಿಲ್ಲಿಸಿ ಒಂದು ದೊನ್ನಿ ಕೊಂಡ. ಖಾನಾಪುರದ ತನಕ ಅದನ್ನ ತೊಡಿ ಮ್ಯಾಲ ಇಟ್ಟುಕೊಂಡು ಕುಂತ.

ಅಕ್ಕ ಬಾಗಿಲಿಗೆ ಬಂದಾಗ ನಾ ಮೊದಲ ಆಕಿ ಕೈ ನೋಡಿದೆ, ಕುತ್ತಿಗಿ ನೋಡಿದೆ. ಎಲ್ಲೂ ಏನೂ ಇರಲಿಲ್ಲ. ನೀಲವ್ವ ಅತ್ತಿ ಲಾರಿಯೊಳಗಿನ ಕಲ್ಲು ನೋಡಿ ಅಲ್ಲೇ ನಿಂತ್ರು.

"ಇದೇನ್ರಿ ಬೀಗರ?"

"ಅಡಗಿ ಕಟ್ಟಿಗ್ರಿ ಅಕ್ಕಾರ. ತವರುಮನಿದೊಂದು ಇರ್ಲಿ ಅಂತ."

"ಬಸರಿ ಇದ್ದ ಮನ್ಯಾಗ ಯಾರರೆ ಕಟ್ಟೂ ಕೆಲಸಾ ತಗೀತಾರೇನ್ರಿ? ಗ್ವಾಡಿ ಕಡೀತಾರೇನು? ಬುದ್ಧಿ ಎಲ್ಲಿಟ್ಟು ಬಂದ್ರಿ?"

ಅಪ್ಪನ ಮುಖ ಸಣ್ಣದಾತು. ಹೊಟ್ಟ್ಯಾಗ ಕೂಸಿದ್ದಾಗ ಮನಿ ಕಟ್ಟಬಾರದು, ಕೆಡವಬಾರದು, ನೆಲಾ ಅಗಿಯಬಾರದು. ನಮ್ಮ ಕಡೆ ಕೂಸು ಕುನ್ನಿಗೂ ಗೊತ್ತಿದ್ದ ಮಾತು. ಅಂಜಿಕಿಯೊಳಗ ಅಪ್ಪಗೂ ಅವ್ವಗೂ ಇಬ್ಬರಿಗೂ ಅದು ಮರತ ಹೋಗಿತ್ತು! ಕಲ್ಲನ್ನ ಹಿತ್ತಲ ಗ್ವಾಡಿಗೆ ಆನಿಸಿ, ಬರೇ ಚಾ ಕುಡದು ಅಪ್ಪ ಹೊಳ್ಳಿ ಹೋದ. ಹೋಗೂ ಮುಂದ ನನ್ನ ತಲಿ ಮ್ಯಾಲ ಕೈಯಿಟ್ಟು, "ಅಕ್ಕನ ಬಿಟ್ಟು ಸರೀಬ್ಯಾಡ" ಅಂದ.

ನನಗ ಒಂದ ವಿಚಾರ: ಒಲ್ಲೆ ಅಂದ್ರಲ್ಲ, ಯಾಕ ಒಲ್ಲೆ ಅಂದ್ರು? ಶಾಸ್ತ್ರ ಖರೇನ ಶಾಸ್ತ್ರನೋ, ನೆಪಾನೋ? ಮುಂಜಾನೆ ಎದ್ದು ಕಣ್ಣು ಅರೆ ತಗದು ನೋಡ್ತಿದ್ದೆ. ನೀಲವ್ವ ಅತ್ತಿ ಹಿತ್ತಲಾಗ ಕುಂತು ಸ್ಟೋವಿಗೆ ಎಣ್ಣಿ ತುಂಬ್ತಿದ್ರು. ತುಂಬಿ ಒರಸ್ತಿದ್ರು, ಮೂಸಿ ನೋಡ್ತಿದ್ರು. ಆಮ್ಯಾಲ ಒಂದು ಗೋಣಿಚೀಲ ಬಾವಿ ನೀರಾಗ ಅದ್ದಿ, ಹಿಂಡಿ, ಹಿತ್ತಲ ಬಾಗಲದ ಹಿಂದ ತೂಗಹಾಕ್ತಿದ್ರು. ದಿನಾ. ಯಾತಕ್ಕ? ಕೇಳಾಕ ಬಾಯಿ ಬರಲಿಲ್ಲ. ಅಕ್ಕನ್ನ ಕೇಳಿದ್ರ, "ಅವರ ರೂಢಿ ಅದು. ನನಗೇನು ಗೊತ್ತು?" ಅಂತ ಕರವಂದ ತಿನ್ನಕೋತ ನಕ್ಕಳು. ಅಕ್ಕ ನಗೂದು ನೋಡಿ ನನಗ ಅಳು ಬರ್ತಿತ್ತು. ಒಬ್ಬಾಕಿನ್ನ ಬಚ್ಚಲಿಗೆ ಹೋಗಾಕೂ ಬಿಡ್ತಿರಲಿಲ್ಲ ನಾ. "ಏ ಹುಡುಗಿ, ನೆರಳಿಗೂ ಒಂದಿಷ್ಟು ಜಾಗಾ ಬಿಡ" ಅಂತ ಭಾವ ಚ್ಯಾಷ್ಟಿ ಮಾಡಿದ್ರು.

ನಾಲ್ಕನೇ ದಿನಕ್ಕೋ ಐದನೇ ದಿನಕ್ಕೋ ನೀಲವ್ವ ಅತ್ತಿ ಹಿತ್ತಲಾಗಿನ ಕಲ್ಲಿನ ಮುಂದ ಭಾಳ ಹೊತ್ತು ನಿಂತಿದ್ರು. ಅದರ ಮ್ಯಾಲ ಅಂಗೈ ಆಡಿಸಿದ್ರು. ಸಂಜಿಗೆ ಭಾವಗ ಹೇಳಿದ್ರು: "ಕಲ್ಲು ಛಲೋ ಐತಿ. ನೆಲದ ಮ್ಯಾಲ ಸ್ಟೋವ್ ನನಗೂ ಬ್ಯಾಡಾಗೇತಿ. ಕಟ್ಟೂದು ಬ್ಯಾಡ, ಇಡೂಣು. ಸಿಮೆಂಟ ಹಚ್ಚಿದ್ರ ಅದು ಕಟ್ಟಿ ಆಗ್ತೈತಿ. ಬರೇ ಇಟ್ಟಂಗಿ ಪೇರಿಸಿ ಮ್ಯಾಲ ಇಟ್ರ ಬರೇ ಕಲ್ಲು. ಇಟ್ಟ ಕಲ್ಲಿಗೆ ಯಾವ ದೋಷ? ಸೋಮವಾರ ಇಡೂಣು." ಭಾವ ಮರುದಿನ ಇಟ್ಟಂಗಿ ತಂದು ಪೇರಿಸಿದ್ರು. ನಾ ಮಾತ್ರ, ಸೋಮವಾರದ ತನಕ ಯಾಕ ಕಾಯಬೇಕು ಅಂತ ಅದಕ್ಕೂ ಅಂಜಿದೆ.

ರವಿವಾರ ಮುಂಜಾನೆ. ಭಾವ ಸಂತಿಗೆ ಹೋಗಿದ್ರು. ಅಕ್ಕ ಮಣಿ ಮ್ಯಾಲ ಕುಂತು ಸ್ಟೋವಿಗೆ ಪಂಪ್ ಹೊಡಿಯಾಕ ಹತ್ತಿದ್ಲು. ನಾ ಹಿತ್ತಲ ಬಾಗಲದಾಗ ಸೊಪ್ಪು ಸೋಸ್ತಿದ್ದೆ. ಸ್ಟೋವ್ ಇನ್ನೂ ಪೂರ್ತಿ ಕಾದಿರಲಿಲ್ಲೋ ಏನೋ, ಭಗ್ ಅಂತು. ಉರಿ ಅಕ್ಕನ ಮುಖದ ಮಟ ಎದ್ದಿತು. ಅಕ್ಕ ಹಿಂದ ಸರದಳು, ಏಳಾಕ ಆಗಲಿಲ್ಲ, ಎಡಗೈ ಮ್ಯಾಲಿದ್ದ ಸೆರಗಿಗೆ ಹತ್ತಿತು. ಅದೇ ಹೊತ್ತಿಗೆ ನನ್ನ ಬಾಜೂಕಿನಿಂದ ನೀಲವ್ವ ಅತ್ತಿ ಅಕ್ಕನ ಕಡೆ ಓಡಿದ್ರು.

ನಾ ಅವರನ್ನ ಹಿಡದೆ.

ಹಿಂದಿನಿಂದ ಎರಡೂ ಕೈ ಸುತ್ತಿ, ನಡಾ ಗಟ್ಟಿ ಹಿಡದು, "ಬ್ಯಾಡ್ರೀ! ನಮ್ಮ ಅಕ್ಕನ್ನ ಸುಡಬ್ಯಾಡ್ರೀ!" ಅಂತ ಚೀರಿದೆ. ಅವರ ಕೈಯಾಗ ಏನೈತಿ ಅಂತ ನೋಡಲಿಲ್ಲ. ಎಷ್ಟೊತ್ತು ಹಿಡದಿದ್ದೆನೋ. ಹತ್ತು ಎಣಿಸೂವಷ್ಟು ಇರಬೇಕು. ನನಗ ವಯಸ್ಸಿತ್ತು, ಶಕ್ತಿ ಇತ್ತು. ಅವರು ಮೊಣಕೈಲೆ ನನ್ನ ಎದಿಗೆ ಹೊಡದು ಬಿಡಿಸಿಕೊಂಡು ಓಡಿ, ತೊಯ್ದ ಗೋಣಿಚೀಲ ಅಕ್ಕನ ಮ್ಯಾಲ ಒಗದು, ಅದರ ಮ್ಯಾಲ ತಾವ ಬಿದ್ದು ಆರಿಸಿದ್ರು. ಗೋಣಿಚೀಲ! ದಿನಾ ಅದ್ದಿ ಇಡ್ತಿದ್ದದ್ದು ಇದಕ್ಕ. ಅಕ್ಕನ ಎಡಗೈ ಮೊಣಕೈಯಿಂದ ಮುಂಗೈ ತನಕ ಸುಟ್ಟಿತ್ತು. ನಾ ಹಿಡೀದಿದ್ರ ಸೆರಗಿಗಷ್ಟ ಆಗ್ತಿತ್ತು.

ಬೆಳಗಾವಿಯ ದೊಡ್ಡ ದವಾಖಾನ್ಯಾಗ ಬರಕೊಳ್ಳಾವರು ಕೇಳಿದಾಗ ನೀಲವ್ವ ಅತ್ತಿ, "ಸ್ಟೋವ್ ಸಿಡೀತ್ರಿ" ಅಂದ್ರು. ಅಷ್ಟ. ನಾ ಹಿಡದದ್ದು ಹೇಳಲಿಲ್ಲ, ಚೀರಿದ್ದು ಹೇಳಲಿಲ್ಲ. ಹೇಳೂ ಮುಂದ ನನ್ನ ಕಡೆ ಸುದ್ದಾ ನೋಡಲಿಲ್ಲ. ಅಕ್ಕನೂ ಅದನ್ನ ಅಂದ್ಲು. ಹೊಟ್ಟ್ಯಾಗಿನ ಕೂಸಿಗೆ ಏನೂ ಆಗಿಲ್ಲ ಅಂತ ಡಾಕ್ಟರ್ ಹೇಳಿದಾಗ ಅವ್ವ ಅಲ್ಲೇ ನೆಲದ ಮ್ಯಾಲ ಕುಂತು ಅತ್ಲು.

ಅಕ್ಕನ ಸೀರಿ ತರಾಕ ಅಪ್ಪ ಮರುದಿನ ಖಾನಾಪುರಕ್ಕ ಹೋಗಿ ಬಂದ. ಬಂದಾಂವ ನನ್ನನ್ನ ದವಾಖಾನಿ ಮುಂದಿನ ಗಿಡದ ಕೆಳಗ ಕರದ. "ಸ್ಟೋವ್ ಬಡದು ನೋಡಿ ಬಂದೆ. ಖಣ್ ಅಂತೈತಿ. ಅದು ಸಿಡದಿಲ್ಲ. ಆ ಹೆಂಗಸು ಸುಳ್ಳ ಹೇಳ್ಯಾಳ, ನಿಮ್ಮಕ್ಕ ಅಂಜಿ ಹೌದಂದಾಳ. ನೀ ಅಲ್ಲೇ ಇದ್ದಿ. ಖರೇ ಹೇಳು. ಬೆಂಕಿ ಹತ್ತಿದಾಗ ಆಕಿ ಏನ್ ಮಾಡಿದ್ಲು?"

ಅಪ್ಪನ ಕಣ್ಣು ಕೆಂಪಗಿದ್ವು. ನಿನ್ನ ಮಗಳ ಕೈ ಸುಟ್ಟದ್ದು ನನ್ನಿಂದ ಅಂತ ಹೆಂಗ ಹೇಳ್ಲಿ? ಯಾವ ಬಾಯಿಲೆ ಹೇಳ್ಲಿ? ಸ್ಟೋವ್ ತಾನ ಭಗ್ಗಂತು ಅಂದೆ. ಅವರ ಆರಿಸಿದ್ರು ಅಂದೆ. ಅಷ್ಟಕ್ಕ ನಿಲ್ಲಿಸಬೇಕಿತ್ತು. "ಮತ್ತ ಇಷ್ಟು ಹೆಂಗ ಸುಟ್ಟಿತು?" ಅಂದ ಅಪ್ಪ. ಆಗ ನನ್ನ ಬಾಯಿಂದ ಇನ್ನೊಂದು ಮಾತು ಬಂತು. ಅದನ್ನ ಕೇಳಿ ಅಪ್ಪ, "ಹಂಗನ?" ಅಂದ, ಮತ್ತೇನೂ ಕೇಳಲಿಲ್ಲ.

ಅಕ್ಕ ಬಾಣಂತನದ ತನಕ ವಡಗಾವಿಯೊಳಗ ಇದ್ಲು. ಗೌರಿ ಹುಟ್ಟಿದ್ಲು. ತೊಟ್ಟಲಿಗೆ ಹಾಕೂ ದಿನ ನೀಲವ್ವ ಅತ್ತಿ ಕೂಸಿನ ತಲಿಗೆ ತಮ್ಮ ಕೈಲೆ ಹೊಲಿದ ಕುಂಚಿಗಿ ತಗೊಂಡು ಬಂದ್ರು. ಅಪ್ಪ ಹೊರಗಿನ ಕಟ್ಟಿ ಮ್ಯಾಲ ಕುಂತಿದ್ದ. "ಬರ್ರಿ" ಅನ್ನಲಿಲ್ಲ. ವೈರಿ ಬಂದ್ರೂ ಬರ್ರಿ ಅನ್ನೂ ಮಂದಿ ನಾವು. ಅಪ್ಪ ಮುಖಾ ಹೊಳ್ಳಿಸಿ ಓಣಿ ನೋಡಕೋತ ಕುಂತ. ಅವರು ಹೊಸ್ತಲದಾಗ ಕುಂಚಿಗಿ ಹಿಡಕೊಂಡು ನಿಂತ್ರು, ಬಿಸಲಾಗ. ಕಡೀಕ ಅವ್ವ ಬಂದು ಒಳಗ ಕರದ್ಲು. ನಾ ಬಾಗಲದ ಸಂದ್ಯಾಗಿಂದ ನೋಡಿದೆ, ಹೊರಗ ಬರಲಿಲ್ಲ.

ಅಕ್ಕ ಕೂಸು ತಗೊಂಡು ಹೋಗೂದರೊಳಗ ಆ ಕಡಪಾ ಕಲ್ಲು ಅಡಗಿಮನ್ಯಾಗ ಇಟ್ಟು ಆಗಿತ್ತು. ಅಪ್ಪ ಅದನ್ನ ನೋಡಾಕೂ ಹೋಗಲಿಲ್ಲ. ಸಾಯೂ ತನಕ ಆ ಮನಿ ನೀರು ಮುಟ್ಟಲಿಲ್ಲ. ನಾ ಮಾತ್ರ ಎಷ್ಟೋ ಸಲ ಹೋದೆ. ನೀಲವ್ವ ಅತ್ತಿ ಆ ಕಲ್ಲಿನ ಮ್ಯಾಲ ರೊಟ್ಟಿ ಬಡದು ನನಗ ಬಿಸಿ ಬಿಸಿ ನೀಡ್ತಿದ್ರು. "ಕಸ್ತೂರಿ, ಸ್ವಲ್ಪ ಸರದು ನಿಂದ್ರು, ಉರಿ ಐತಿ" ಅಂತಿದ್ರು. ಪ್ರತಿ ಸಲ ನಾ ಅಂಜ್ತಿದ್ದೆ, ಯಾಕ ಹಿಡದಿ ಅಂತ ಇವತ್ತು ಕೇಳ್ತಾರ, ಇವತ್ತು ಕೇಳ್ತಾರ ಅಂತ. ಕೇಳಲಿಲ್ಲ. ಎರಡು ವರ್ಷದ ಹಿಂದ ತೀರಿಕೊಂಡ್ರು.

ಗೌಂಡಿ ಕಲ್ಲು ಎತ್ತಿ ಅಂಗಳದಾಗ ಇಟ್ಟಾಗ ಅಕ್ಕ ನನ್ನ ಬಾಜೂಕ ಬಂದು ಕುಂತ್ಲು. ಗೌರಿ ಫೋನ್ ಹಿಡಕೊಂಡು ಹೊರಗ ಹೋಗಿದ್ಲು. ಅಕ್ಕ ಎಡಗೈ ಆ ಕಲ್ಲಿನ ಮ್ಯಾಲ ಇಟ್ಲು. ಸುಟ್ಟ ಚರ್ಮ ಈಗ ಮುದಿ ಚರ್ಮದಾಗ ಕೂಡಿ ಹೋಗೇತಿ.

"ನಿನಗ ಒಂದು ಹೇಳೂದಿತ್ತು" ಅಂದ್ಲು. "ಅತ್ತಿಯಾರ ತಂಗಿನೂ ಹಂಗ ಸುಟ್ಟು ಹೋಗಿದ್ಲಂತ. ಕೊಟ್ಟ ಮನ್ಯಾಗ. ಸಾಯೂ ಮುಂದ ನನಗ ಹೇಳಿದ್ರು. 'ಆವತ್ತ ಕಸ್ತೂರಿ ನನ್ನ ಹಿಡದದ್ದಕ್ಕ ನನಗ ಸಿಟ್ಟಿಲ್ಲವ್ವಾ. ನನ್ನ ತಂಗಿನ್ನ ಸುಡೂವಾಗ ಸುಡಾವರನ್ನ ಹಿಂಗ ಹಿಂದಿಂದ ಹಿಡಿಯಾವರು ಯಾರೂ ಇರಲಿಲ್ಲ' ಅಂದ್ರು."

ನನಗ ಕಣ್ಣು ಕಾಣದಂಗಾದ್ವು. ನಲವತ್ತು ವರ್ಷ ನಾ ಅಂಜಿದ್ದ ಮಾತು, ಅವರು ಯಾವಾಗೋ ಬಿಟ್ಟುಕೊಟ್ಟಿದ್ರು. ಅಕ್ಕ ನನ್ನ ಬೆನ್ನ ಮ್ಯಾಲ ಕೈ ಆಡಿಸಿದ್ಲು.

"ಒಂದ ಕೊರಗು ಇಟ್ಟುಕೊಂಡ ಹೋದ್ರು ನೋಡು" ಅಂದ್ಲು ಆಮ್ಯಾಲ. "'ನಿಮ್ಮಪ್ಪ ನನಗ ಬರ್ರಿ ಅನ್ನಲಿಲ್ಲಲ್ಲ, ನಾ ಏನ್ ತಪ್ಪ ಮಾಡಿದ್ದೆ?' ಅಂತ ಕಡೀತನಕ ಕೇಳತಿದ್ರು. ನನಗೂ ತಿಳೀಲಿಲ್ಲ. ಅಪ್ಪ ಹಂಗ ಮಾಡೂ ಮನಶಾ ಅಲ್ಲ. ಯಾಕ ಮಾಡಿದ್ನೋ ಏನೋ."

ಗೌಂಡಿ ಒಳಗ ಇಟ್ಟಂಗಿ ಎತ್ತೆತ್ತಿ ಒಗಿಯಾಕ ಹತ್ತಿದ್ದ. ಅಂಗಳದ ತುಂಬ ಚಿಮಣಿ ಎಣ್ಣಿ ವಾಸನಿ ಇತ್ತು. ಆಗಿನ ಅಂಜಿಕಿ ಇಷ್ಟು ವರ್ಷ ಎಲ್ಲಿ ಕುಂತಿತ್ತೋ, ಎದ್ದು ಬಂತು.

"ನಾ ಹೇಳಿದ್ದೆ ಅಕ್ಕಾ" ಅಂದೆ. "ಅತ್ತಿ ಅಲ್ಲೇ ಇದ್ರು, ತಡಾ ಮಾಡಿ ಬಂದ್ರು ಅಂತ ಅಪ್ಪಗ ನಾ ಹೇಳಿದ್ದೆ."

ಅಕ್ಕನ ಕೈ ನನ್ನ ಬೆನ್ನ ಮ್ಯಾಲಿಂದ ಎದ್ದಿತು.